ಕಾಲಾನುಭವ

ಕಾಲಾನುಭವ ಎಂದರೆ ಗಡಿಯಾರದ ನೆರವಿಲ್ಲದೆ ಮನಸ್ಸು ಕಾಲದ ಗತಿಯನ್ನೂ ಅವಧಿಯನ್ನೂ ಗ್ರಹಿಸುವ ಬಗೆ. ಗಡಿಯಾರದ ಒಂದು ಗಂಟೆ ಎಲ್ಲರಿಗೂ ಸಮಾನ. ಅನುಭವದ ಒಂದು ಗಂಟೆ ಹಾಗಲ್ಲ. ಸಂತೋಷದಲ್ಲಿ ಮುಳುಗಿದವರಿಗೆ ಅದು ಬೇಗ ಮುಗಿದಂತೆಯೂ ಬೇಸರದಲ್ಲಿರುವವರಿಗೆ ತೆವಳಿದಂತೆಯೂ ತೋರುತ್ತದೆ. ಅದೇ ಅವಧಿಯನ್ನು ಮುಂದೆ ನೆನೆದಾಗ ಈ ಅಳತೆ ಹಲವು ವೇಳೆ ತಿರುಗುಮುರುಗಾಗುತ್ತದೆ. ಕರಾವಳಿ ಕರ್ನಾಟಕದ ಇಡೀ ರಾತ್ರಿಯ ಯಕ್ಷಗಾನ ಪ್ರದರ್ಶನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಪದಬಳಕೆ

ಕನ್ನಡದಲ್ಲಿ 'ಸಮಯಪ್ರಜ್ಞೆ' ಎಂಬ ಪದವು ಸಾಮಾನ್ಯವಾಗಿ ಸಂದರ್ಭವರಿತು ನಡೆಯುವ ಗುಣವನ್ನು ಸೂಚಿಸುತ್ತದೆ. ಆದುದರಿಂದ ಕಾಲದ ಮಾನಸಿಕ ಗ್ರಹಿಕೆಗೆ 'ಕಾಲಾನುಭವ' ಎಂಬ ಪದ ಹೆಚ್ಚು ಹೊಂದುತ್ತದೆ. ಆಡುಮಾತಿನಲ್ಲಿ ಈ ಅನುಭವದ ಎರಡು ತುದಿಗಳಿಗೂ ಮಾತುಗಳಿವೆ: ಬೇಸರದಲ್ಲಿ 'ಹೊತ್ತು ಹೋಗುವುದಿಲ್ಲ', ಸಂತೋಷದಲ್ಲಿ 'ಹೊತ್ತು ಹೋದದ್ದೇ ತಿಳಿಯುವುದಿಲ್ಲ'. ಸಾಂಪ್ರದಾಯಿಕ ಕಾಲಗಣನೆಯಲ್ಲಿ ದಿನಕ್ಕೆ 60 ಗಳಿಗೆಗಳು. ಒಂದು ಗಳಿಗೆಗೆ 24 ನಿಮಿಷ. ಆದರೆ 'ಒಂದು ಗಳಿಗೆ ಕುಳಿತುಕೊಳ್ಳಿ' ಎನ್ನುವಾಗ ಯಾರೂ 24 ನಿಮಿಷವನ್ನು ಎಣಿಸುವುದಿಲ್ಲ.

ಅಧ್ಯಯನದ ಇತಿಹಾಸ

ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಫಾನ್ ಫೀರೋರ್ಟ್ 1868ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಸೇರುತ್ತವೆ. ಜನರು ಚಿಕ್ಕ ಅವಧಿಗಳನ್ನು ಇರುವುದಕ್ಕಿಂತ ದೀರ್ಘವೆಂದೂ ದೀರ್ಘ ಅವಧಿಗಳನ್ನು ಚಿಕ್ಕವೆಂದೂ ಅಂದಾಜಿಸುತ್ತಾರೆಂದು ಅವನು ತೋರಿಸಿದನು. ಅಮೆರಿಕದ ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಮತ್ತೊಂದು ಮಹತ್ವದ ಅಂಶವನ್ನು ಗುರುತಿಸಿದನು. ವೈವಿಧ್ಯಮಯ ಅನುಭವಗಳಿಂದ ತುಂಬಿದ ಕಾಲವು ಸಾಗುವಾಗ ಚಿಕ್ಕದು, ನೆನಪಿನಲ್ಲಿ ದೊಡ್ಡದು. ಬರಿದಾದ ಕಾಲವು ಸಾಗುವಾಗ ದೊಡ್ಡದು, ನೆನಪಿನಲ್ಲಿ ಚಿಕ್ಕದು.

ಗಮನ ಮತ್ತು ನೆನಪು

ಈ ವೈಪರೀತ್ಯಕ್ಕೆ ಎರಡು ಬೇರೆ ಅಳತೆಗೋಲುಗಳು ಕಾರಣವೆಂದು ವಿವರಿಸಲಾಗುತ್ತದೆ. ಕಾಲವು ಸಾಗುತ್ತಿರುವಾಗ ಅದನ್ನು ಅಳೆಯುವುದು ಗಮನ. ಗಮನವು ಕೆಲಸದಲ್ಲೋ ಕಥೆಯಲ್ಲೋ ನೆಟ್ಟಿದ್ದರೆ ಕಾಲವನ್ನು ಎಣಿಸಲು ಮನಸ್ಸಿಗೆ ಬಿಡುವಿರುವುದಿಲ್ಲ. ಬೇಸರದಲ್ಲಾದರೋ ಗಮನಕ್ಕೆ ಆಸರೆಯಿಲ್ಲದೆ ಅದು ಕಾಲದ ಮೇಲೆಯೇ ಬೀಳುತ್ತದೆ. ಒಲೆಯ ಮುಂದೆ ನಿಂತು ಕಾಯುವವರಿಗೆ ಹಾಲು ಬೇಗನೆ ಉಕ್ಕದಿರುವುದೂ, ತುಸು ಅತ್ತ ತಿರುಗಿದರೆ ಉಕ್ಕಿಹೋಗುವುದೂ ಇದರಿಂದಲೇ.

ಕಳೆದ ಕಾಲವನ್ನು ಅಳೆಯುವುದು ನೆನಪು. ಉಳಿದ ಘಟನೆಗಳು ಹೆಚ್ಚಾದಷ್ಟೂ ಅವಧಿ ದೀರ್ಘವೆನಿಸುತ್ತದೆ. ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ 1962ರ ಜುಲೈ 16ರಂದು ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದಕ್ಕೆ ಇಳಿದನು. ಸೆಪ್ಟೆಂಬರ್ 14ರಂದು ಅವನ ವಾಸ ಮುಗಿದಾಗ ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20 ಆಗಿತ್ತು. ಕತ್ತಲೆಯ ಏಕತಾನದ ದಿನಗಳಲ್ಲಿ ಸುಮಾರು 25 ದಿನಗಳು ಅವನ ಲೆಕ್ಕದಿಂದ ಜಾರಿಹೋಗಿದ್ದವು.

ಸಂತೋಷದ ಪಾತ್ರ

ಕೇವಲ ಹಿತವಾಗಿರುವುದು ಕಾಲವನ್ನು ವೇಗಗೊಳಿಸಲು ಸಾಲದೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಹೂವಿನ ಚಿತ್ರಗಳಿಗಿಂತ ಸಿಹಿತಿಂಡಿಯ ಚಿತ್ರಗಳು ನೋಡುಗರಿಗೆ ಕಡಿಮೆ ಹೊತ್ತು ಕಂಡಂತೆ ತೋರಿದವು. ಅಂದರೆ ಏನನ್ನಾದರೂ ಪಡೆಯಬೇಕೆಂಬ ತವಕ ಅಲ್ಲಿ ಮುಖ್ಯವಾಗಿತ್ತು. ಇದರ ವಿಲೋಮವೂ ಕಂಡುಬಂದಿದೆ: 2010ರ ಒಂದು ಅಧ್ಯಯನದಲ್ಲಿ, ಕಾಲ ಬೇಗ ಕಳೆಯಿತೆಂದು ನಂಬಿಸಲ್ಪಟ್ಟವರು ತಾವು ಮಾಡಿದ ಕೆಲಸವನ್ನು ಹೆಚ್ಚು ರಂಜಕವೆಂದು ಪರಿಗಣಿಸಿದರು. ಇಲಿಗಳ ಮೇಲಿನ 2016ರ ಪ್ರಯೋಗವೊಂದು ಮಿದುಳಿನ ಡೋಪಮೀನ್ ನರಕೋಶಗಳಿಗೂ ಅವಧಿಯ ಅಂದಾಜಿಗೂ ಸಂಬಂಧವಿದೆಯೆಂದು ತೋರಿಸಿತು.

ಯಕ್ಷಗಾನದ ರಾತ್ರಿ

ಉಡುಪಿ ಜಿಲ್ಲೆಯ ತಲ್ಲೂರು, ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರವು ಬಡಗುತಿಟ್ಟು ಯಕ್ಷಗಾನದ ಪ್ರದೇಶ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮುಂತಾದ ಕ್ಷೇತ್ರಗಳ ಮೇಳಗಳು ಮಳೆಗಾಲ ಕಳೆದ ಮೇಲೆ ಈ ಭಾಗದಲ್ಲಿ ಆಟಗಳನ್ನು ಆಡುತ್ತವೆ. ಸಾಂಪ್ರದಾಯಿಕ ಹರಕೆಯ ಆಟವು ರಾತ್ರಿ ಆರಂಭವಾಗಿ ಬೆಳಗಿನ ಜಾವದ ಮಂಗಳದೊಂದಿಗೆ ಮುಗಿಯುತ್ತದೆ.

ಒಂದೇ ಬಯಲಿನಲ್ಲಿ ಕುಳಿತವರಿಗೂ ಆ ರಾತ್ರಿ ಒಂದೇ ಉದ್ದದ್ದಾಗಿರುವುದಿಲ್ಲ. ಪ್ರಸಂಗವನ್ನು ಬಲ್ಲವರಿಗೆ ಬೆಳಕು ಹರಿದದ್ದು ತಿಳಿಯುವುದಿಲ್ಲ. ಮರುದಿನ ಅವರು ಪದ್ಯ, ಕುಣಿತ, ಮಾತುಗಳನ್ನು ಒಂದೊಂದಾಗಿ ನೆನೆಯಬಲ್ಲರು. ಬೇರೆಯವರ ಜೊತೆಗೆಂದು ಬಂದವರಿಗೆ ರಾತ್ರಿ ಮುಗಿಯುವುದೇ ಇಲ್ಲ. ಮರುದಿನ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಚಾಪೆಯ ಮೇಲೆ ನಿದ್ರಿಸಿ ಚಂಡೆಯ ಸದ್ದಿಗೆ ಎಚ್ಚರಗೊಳ್ಳುವ ಮಕ್ಕಳಿಗೆ ಇಡೀ ರಾತ್ರಿಯೆಂದರೆ ಎರಡು ಮೂರು ವೇಷಗಳ ಪ್ರವೇಶ ಮಾತ್ರ.

ರಂಗದ ಒಳಗೂ ಕಾಲವು ಹಿಗ್ಗಿ ಕುಗ್ಗುತ್ತದೆ. ಹಲವು ದಿನಗಳ ಯುದ್ಧವು ಕೆಲವೇ ಏರುಪದ್ಯಗಳಲ್ಲಿ ಮುಗಿಯಬಹುದು. ಆದರೆ ಭೀಷ್ಮನ ಮುಂದೆ ನಿಂತ ಅಂಬೆಯ ಒಂದು ಕ್ಷಣದ ಸಂಕಟವನ್ನು ನುರಿತ ಕಲಾವಿದರು ಆಶು ಅರ್ಥಗಾರಿಕೆಯಿಂದ ಬಹಳ ಹೊತ್ತು ಹಿಡಿದಿಡುತ್ತಾರೆ.

ಕಾಲಮಿತಿ ಪ್ರದರ್ಶನ

ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು (1902–1997) ಪ್ರಯೋಗಾತ್ಮಕವಾಗಿ ಯಕ್ಷಗಾನವನ್ನು ಕಡಿಮೆ ಅವಧಿಗೆ ಅಳವಡಿಸಿದವರಲ್ಲಿ ಪ್ರಮುಖರು. ಇತ್ತೀಚಿನ ದಶಕಗಳಲ್ಲಿ ಸಂಜೆ ಆರಂಭವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುವ 'ಕಾಲಮಿತಿ' ಯಕ್ಷಗಾನ ರೂಢಿಗೆ ಬಂದಿದೆ. ಮರುದಿನದ ಉದ್ಯೋಗ, ಶಾಲೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಗೆ 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿರುವ ನಿರ್ಬಂಧ ಇದಕ್ಕೆ ಕಾರಣಗಳು.

ಮೊಟಕುಗೊಳಿಸುವಾಗ ಮೊದಲು ಕೈಬಿಡುವುದು ಸಾಮಾನ್ಯವಾಗಿ ಕೋಡಂಗಿ, ಬಾಲಗೋಪಾಲರಂಥ ಪೂರ್ವರಂಗದ ಭಾಗಗಳನ್ನು ಮತ್ತು ನಿಧಾನಗತಿಯ ಒಡ್ಡೋಲಗಗಳನ್ನು. ಹೊಸ ಪ್ರೇಕ್ಷಕರಿಗೆ ಬೇಸರ ತರಬಹುದಾದ ಭಾಗಗಳೂ ಇವೇ. ಆದರೆ ಕಿರಿಯ ಕಲಾವಿದರು ಹೆಜ್ಜೆ ಕಲಿಯುತ್ತಿದ್ದುದು ಪೂರ್ವರಂಗದಲ್ಲಿ. ಪ್ರೇಕ್ಷಕರ ಮನಸ್ಸು ದಿನದ ಗಡಿಬಿಡಿಯಿಂದ ಬಿಡಿಸಿಕೊಳ್ಳುತ್ತಿದ್ದುದೂ ಅಲ್ಲಿಯೇ. ಆದುದರಿಂದ ಬೇಸರವನ್ನು ನಿವಾರಿಸುವುದೂ ಅನುಭವವನ್ನು ಸಮೃದ್ಧಗೊಳಿಸುವುದೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಇನ್ನೊಂದೆಡೆ, ಇಡೀ ರಾತ್ರಿ ಕುಳಿತುಕೊಳ್ಳಲಾಗದ ವೃದ್ಧರೂ ವಿದ್ಯಾರ್ಥಿಗಳೂ ಪೂರ್ಣ ಎಚ್ಚರದಿಂದ ಒಂದು ಪ್ರಸಂಗವನ್ನು ನೋಡಲು ಕಾಲಮಿತಿ ಅವಕಾಶ ಕಲ್ಪಿಸಿದೆ.

ದೈನಂದಿನ ಜೀವನದಲ್ಲಿ

ಬೇಗ ಕಳೆದ ಕಾಲವೆಲ್ಲ ಸಾರ್ಥಕವಾದುದೆಂದು ತಿಳಿಯಲಾಗದು. ಮೊಬೈಲ್ ಪರದೆಯ ಮೇಲೆ ಒಂದಾದ ಮೇಲೊಂದರಂತೆ ತುಣುಕು ದೃಶ್ಯಗಳನ್ನು ನೋಡುವಾಗ ಗಮನ ಸೆರೆಯಾಗಿ ಗಂಟೆಗಳು ಉರುಳುತ್ತವೆ; ಆದರೆ ಒಂದರ ಗುರುತನ್ನು ಇನ್ನೊಂದು ಅಳಿಸುವುದರಿಂದ ನೆನಪಿನಲ್ಲಿ ನಿಲ್ಲುವುದು ಅಲ್ಪ. ಅಂಥ ಕಾಲವು ಸಾಗುವಾಗಲೂ ಚಿಕ್ಕದು, ನೆನೆಯುವಾಗಲೂ ಚಿಕ್ಕದು. ಹೊಸದನ್ನು ಕಲಿಯುವ ಆರಂಭದ ದಿನಗಳು ಇದಕ್ಕೆ ವಿರುದ್ಧ. ಅವು ಕೆಲವೊಮ್ಮೆ ನಿಧಾನವಾಗಿ ಸಾಗಿ ಬೇಸರ ತಂದರೂ, ಮುಂದೆ ನೆನೆದಾಗ ತುಂಬಿದ ಕಾಲವಾಗಿ ಉಳಿಯುತ್ತವೆ.