ಗೆಡ್ಡೆಯ ವೇಷದ ಉರಿಯೂತ

ಮಿದುಳಿನಲ್ಲಿ ಗೆಡ್ಡೆಯೆಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯ ಧೈರ್ಯ ಉಡುಗುವುದು ಸಹಜ. ಆದರೆ ಚಿತ್ರದಲ್ಲಿ ಗೆಡ್ಡೆಯಂತೆ ತೋರುವುದೆಲ್ಲವೂ ಗೆಡ್ಡೆಯಲ್ಲವೆಂಬುದನ್ನು ಗೃಹಸ್ಥರು ಅರಿತಿರಬೇಕು. ನರತಂತುಗಳನ್ನು ಹೊದೆದಿರುವ ಮಯಲಿನ್ ಎಂಬ ಕವಚವು ಉರಿಯೂತದಿಂದ ನಾಶವಾದಾಗ, ಕೆಲವೊಮ್ಮೆ 2 ಸೆಂಟಿಮೀಟರಿಗಿಂತಲೂ ದೊಡ್ಡ ಗಾಯವುಂಟಾಗಿ ಅರ್ಬುದದ ವೇಷವನ್ನು ತಾಳುವುದು. ಅಮೆರಿಕೆಯ ಕೆಪೆಸ್ ಎಂಬ ವೈದ್ಯರು 1993ರಲ್ಲಿ ಇಂತಹ 31 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಭೇದವನ್ನರಿಯುವುದು ಹೇಗೆ? ಗೆಡೊಲಿನಿಯಮ್ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ ಎಂ.ಆರ್.ಐ. ಚಿತ್ರ ತೆಗೆದರೆ, ಇಂತಹ ಉರಿಯೂತದ ಅಂಚು ಅನೇಕವೇಳೆ ಪೂರ್ಣ ವರ್ತುಲವಾಗದೆ, ಒಂದೆಡೆ ಮುರಿದ ಬಳೆಯಂತೆ ಹೊಳೆಯುವುದು. ಸ್ಟೀರಾಯ್ಡ್ ಔಷಧದಿಂದ ಅದು ಇಳಿಯುವುದೂ ಉಂಟು. ಆದರೆ ಅವಸರ ಸಲ್ಲದು. ಲಿಂಫೋಮ ಎಂಬ ಅರ್ಬುದವೂ ಅದೇ ಔಷಧದಿಂದ ಕೆಲಕಾಲ ಕುಗ್ಗಿ ತನ್ನ ನಿಜರೂಪವನ್ನು ಮರೆಮಾಡೀತು. ಸಂದೇಹ ತೀರದಿದ್ದಲ್ಲಿ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾಗುವುದು.

ಆದುದರಿಂದ, "ಇದು ಉರಿಯೂತವಾಗಿರಬಹುದೇ?" ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ. ಸಕಾಲದಲ್ಲಿ ಕೇಳಿದ ಆ ಒಂದು ಪ್ರಶ್ನೆಯು ಬೇಡದ ಶಸ್ತ್ರಕ್ರಿಯೆಯನ್ನು ತಪ್ಪಿಸೀತು.