ಸ್ವೀಡ್: ಗೆಡ್ಡೆಯೂ ಹೌದು, ಪ್ರಜೆಯೂ ಹೌದು!

ಇಂಗ್ಲಿಷ್ ಭಾಷೆಯಲ್ಲಿ ‘ಸ್ವೀಡ್’ ಎಂದರೆ ಸ್ವೀಡನ್ ದೇಶದ ಪ್ರಜೆ. ಬ್ರಿಟನ್ನಿನ ತರಕಾರಿ ಅಂಗಡಿಯಲ್ಲಿ ಅದೇ ಪದಕ್ಕೆ ಬೇರೊಂದು ಅರ್ಥ: ನೇರಿಳೆ ಛಾಯೆಯ ಸಿಪ್ಪೆ, ನಸುಹಳದಿ ತಿರುಳುಳ್ಳ ದಪ್ಪ ಗೆಡ್ಡೆ! ಬರಹದಲ್ಲಿ ಇವೆರಡನ್ನು ಬೇರ್ಪಡಿಸುವುದು ಮೊದಲ ಅಕ್ಷರವೊಂದೇ. ಮನುಷ್ಯನಿಗೆ ದೊಡ್ಡಕ್ಷರ, ತರಕಾರಿಗೆ ಚಿಕ್ಕಕ್ಷರ. ಕನ್ನಡ ಲಿಪಿಯಲ್ಲಿ ಆ ಭೇದಕ್ಕೂ ಆಸ್ಪದವಿಲ್ಲ.

ಈ ಗೆಡ್ಡೆ ಸ್ವೀಡನ್ನಿನಲ್ಲಿ ತಾನಾಗಿ ಬೆಳೆಯುತ್ತಿದ್ದುದನ್ನು ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಗ್ಯಾಸ್ಪಾರ್ ಬೌಹಿನ್ ೧೬೨೦ರಲ್ಲಿಯೇ ಉಲ್ಲೇಖಿಸಿದ್ದಾನೆ. ಬ್ರಿಟನ್ನಿಗೆ ಬಂದಾಗ ಅದು ‘ಸ್ವೀಡಿಷ್ ಟರ್ನಿಪ್’ ಎನಿಸಿಕೊಂಡು, ಬಳಕೆಯಲ್ಲಿ ಸವೆದು ‘ಸ್ವೀಡ್’ ಆಯಿತು. ಅಮೆರಿಕದವರು ಹೇಳುವ ‘ರುಟಬೇಗ’ವೂ ಸ್ವೀಡನ್ನಿನ ಆಡುಮಾತಿನಿಂದ ಹೋದ ಪದವೇ. ಆದರೆ ಸ್ವೀಡನ್ನಿನವರು ಮಾತ್ರ ಅದಕ್ಕೆ ತಮ್ಮ ದೇಶದ ಹೆಸರಿಟ್ಟಿಲ್ಲ. ಅವರ ಪಾಲಿಗೆ ಅದು ‘ಕೋಲ್‌ರೂಟ್’, ಎಂದರೆ ‘ಕೋಸಿನ ಬೇರು’.

ಈ ಹೆಸರಿನಲ್ಲಿ ವಿಜ್ಞಾನದ ಸತ್ಯವೊಂದು ಅಡಗಿದೆ. ಎಲೆಕೋಸಿನ ಜಾತಿಯೂ ಟರ್ನಿಪ್ಪಿನ ಜಾತಿಯೂ ಕೂಡಿ ಹುಟ್ಟಿದ ಸಂಕರ ಸಸ್ಯವಿದು. ಕೋಸಿನ ಜೀವಕೋಶದಲ್ಲಿ ೧೮ ವರ್ಣತಂತುಗಳು, ಟರ್ನಿಪ್ಪಿನಲ್ಲಿ ೨೦. ಸ್ವೀಡಿನಲ್ಲಿ ಸರಿಯಾಗಿ ೩೮! ಈ ಸಸ್ಯಕುಲದ ಬಾಂಧವ್ಯವನ್ನು ಜಪಾನಿನಲ್ಲಿ ದುಡಿದ ವಿಜ್ಞಾನಿ ಯು ನಾಗಹಾರು ೧೯೩೫ರಲ್ಲಿ ವಿವರಿಸಿದನು. ನಮ್ಮ ಒಗ್ಗರಣೆಯ ಕಂದು ಸಾಸಿವೆಯೂ ಇದೇ ಮನೆತನದ್ದು. ಟರ್ನಿಪ್ಪಿನ ಜಾತಿಗೂ ಕರಿ ಸಾಸಿವೆಗೂ ಹುಟ್ಟಿದ್ದು.

ಇಷ್ಟು ಸಾಧುವಾದ ಗೆಡ್ಡೆಗೆ ಜರ್ಮನಿಯಲ್ಲಿ ಕಹಿ ನೆನಪೊಂದು ಅಂಟಿಕೊಂಡಿದೆ. ಅದು ಮೊದಲನೆಯ ಮಹಾಯುದ್ಧದ ಕಾಲ. ಬ್ರಿಟನ್ನಿನ ನೌಕಾಪಡೆ ಸಮುದ್ರಮಾರ್ಗವನ್ನು ತಡೆದಿತ್ತು. ೧೯೧೬ರಲ್ಲಿ ಮಳೆ ಮತ್ತು ರೋಗಗಳಿಗೆ ಸಿಕ್ಕಿ ಆಲೂಗೆಡ್ಡೆಯ ಬೆಳೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಆಗ ದನಗಳ ಮೇವಾಗಿದ್ದ ಸ್ವೀಡ್ ಮನುಷ್ಯರ ತಟ್ಟೆಗೆ ಬಂದಿತು. ಸಾರು ಅದರದೇ, ರೊಟ್ಟಿಯ ಹಿಟ್ಟಿಗೂ ಅದೇ ಬೆರಕೆ, ಜಾಮೂ ಅದರದೇ. ಕಡೆಗೆ ಕಾಫಿಗೂ ಅದನ್ನೇ ಒಣಗಿಸಿ ಹುರಿದರು! ಗೆಡ್ಡೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರು. ಅದೇ ತೂಕದ ಆಲೂಗೆಡ್ಡೆ ಕೊಡುವ ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ಅದು ಕೊಡಬಲ್ಲದು. ಹೊಟ್ಟೆ ತುಂಬಿದರೂ ಮೈಗೆ ಬಲ ಬರಲಿಲ್ಲ. ೧೯೧೬-೧೭ರ ಆ ಹಸಿವಿನ ಕಾಲವನ್ನು ಜರ್ಮನರು ಇಂದಿಗೂ ‘ಗೆಡ್ಡೆಯ ಚಳಿಗಾಲ’ವೆಂದೇ ಕರೆಯುತ್ತಾರೆ. ಆ ದಿನಗಳನ್ನು ಕಂಡ ಅನೇಕರಿಗೆ ಆಮೇಲೆ ಅದರ ವಾಸನೆಯೂ ಬೇಡವಾಯಿತು.

ಸ್ಕಾಟ್ಲೆಂಡಿನಲ್ಲಾದರೋ ಅದಕ್ಕೆ ಹಬ್ಬದ ಮರ್ಯಾದೆ. ಪ್ರತಿವರ್ಷ ಜನವರಿ ೨೫ರಂದು, ರಾಬರ್ಟ್ ಬರ್ನ್ಸ್ ಕವಿಯ ಜನ್ಮದಿನದ ಔತಣದಲ್ಲಿ, ಬೇಯಿಸಿ ಬೆಣ್ಣೆಯೊಡನೆ ಮಸೆದ ಸ್ವೀಡ್ ತಪ್ಪದೆ ಬಡಿಸಲ್ಪಡುತ್ತದೆ. ಅಲ್ಲಿ ಅದರ ಹೆಸರು ‘ನೀಪ್ಸ್’. ಸ್ವೀಡನ್ನಿನ ನೆನಪೇ ಆ ಪದದಲ್ಲಿಲ್ಲ!