ದತ್ತು ಬಂದ ಮಕ್ಕಳ ಪಾಲು

ಶಿರೋಳ ತಾಲ್ಲೂಕಿನ ದತ್ತವಾಡಕ್ಕೂ ಆಚೆ ದಡದ ಮಲಿಕವಾಡಕ್ಕೂ ನಡುವೆ ದೂಧಗಂಗೆ ಹರಿಯುತ್ತದೆ. ಮಳೆಗಾಲದಲ್ಲಿ ಸೇತುವೆ ಮುಳುಗಿದರೆ ಎರಡು ರಾಜ್ಯಗಳ ಹೋಗುಬರವು ನಿಲ್ಲುತ್ತದೆ. ನೀರು ಇಳಿದೊಡನೆ ಮತ್ತೆ ನೆಂಟಸ್ತಿಕೆ, ಸಂತೆ, ಶಾಲೆ ಎಲ್ಲವೂ ಎಂದಿನಂತೆ ನಡೆಯುತ್ತವೆ. ಈ ದಡದಲ್ಲಿ ಹೊಲದ ಕಾಗದಕ್ಕೆ ‘ಸಾತಬಾರಾ’ ಎನ್ನುತ್ತಾರೆ, ಆ ದಡದಲ್ಲಿ ‘ಪಹಣಿ’ ಎನ್ನುತ್ತಾರೆ. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರು ಅದರಲ್ಲಿ ಏರಬೇಕು. ಅದಕ್ಕೆ ಎರಡೂ ಕಡೆ ‘ವಾರಸಾ’ ಎಂಬ ಒಂದೇ ಮಾತು. ವಾರಸುದಾರ ಯಾರು, ಯಾರಲ್ಲ ಎಂಬ ಪ್ರಶ್ನೆಯ ಭಾರವನ್ನು ಈ ಭಾಗದ ಒಕ್ಕಲು ಮನೆತನಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಊರಿನ ಹೆಸರಿನಲ್ಲಿ ‘ದತ್ತ’ ಎಂಬ ಶಬ್ದವೂ ಇದೆ. ದತ್ತ ಎಂದರೆ ಕೊಡಲ್ಪಟ್ಟದ್ದು. ಇದೇ ತಾಲ್ಲೂಕಿನಲ್ಲಿ, ಕೃಷ್ಣಾ ಪಂಚಗಂಗೆಗಳ ಸಂಗಮದಲ್ಲಿರುವ ನರಸೋಬಾವಾಡಿಗೆ ಹೋಗುವ ಭಕ್ತರು ದತ್ತಾತ್ರೇಯನೆಂಬ ಹೆಸರನ್ನು ಹಾಗೆಯೇ ಬಿಡಿಸಿ ಹೇಳುತ್ತಾರೆ: ಅತ್ರಿಮುನಿಗೆ ಮಗನಾಗಿ ಕೊಡಲ್ಪಟ್ಟವನು. ದತ್ತಕ, ದತ್ತಪುತ್ರ, ದತ್ತು ಎಂಬ ಮಾತುಗಳೆಲ್ಲ ಇದೇ ಬೇರಿನವು. ಕ್ರೈಸ್ತ ವಿಶ್ವಾಸಿಗಳು ತಮ್ಮನ್ನು ‘ದೇವರ ಮಕ್ಕಳು’ ಎಂದು ಕರೆದುಕೊಳ್ಳುವಾಗ ಅದರ ಒಳಗಿರುವ ಅರ್ಥವೂ ಬಹುಮಟ್ಟಿಗೆ ಇದೇ. ತಾವು ದೇವರಿಗೆ ಹುಟ್ಟಿನಿಂದ ಮಕ್ಕಳಾದವರೆಂದು ಅವರು ಹೇಳುವುದಿಲ್ಲ; ದತ್ತು ಬಂದವರೆಂದು ಹೇಳುತ್ತಾರೆ.

ರೋಮಿನ ಕಾನೂನು, ಪೌಲನ ಮಾತು

ಈ ವಿಚಾರವನ್ನು ಹೆಚ್ಚು ಬಿಡಿಸಿ ಹೇಳಿದವನು ಪೌಲ. ರೋಮಾಪುರದವರಿಗೂ, ಗಲಾತ್ಯದವರಿಗೂ ಅವನು ಬರೆದ ಪತ್ರಗಳಲ್ಲಿ ಮತ್ತು ಅವನ ಹೆಸರಿನಲ್ಲಿರುವ ಎಫೆಸದವರ ಪತ್ರದಲ್ಲಿ ದತ್ತುಸ್ವೀಕಾರದ ಗ್ರೀಕ್ ಶಬ್ದ ಬರುತ್ತದೆ. ಅಂದಿನ ಓದುಗರಿಗೆ ಅದು ಬರಿಯ ಉಪಮೆಯಾಗಿರಲಿಲ್ಲ, ನಿತ್ಯ ವ್ಯವಹಾರದ ಮಾತಾಗಿತ್ತು. ರೋಮಿನ ದೊಡ್ಡ ಮನೆತನಗಳು ವಂಶವನ್ನು ಮುಂದುವರಿಸಲು ಬೆಳೆದ ಗಂಡುಮಕ್ಕಳನ್ನು ದತ್ತು ಪಡೆಯುತ್ತಿದ್ದವು. ಯೇಸುವಿನ ಜನನದ ಕಥೆಯಲ್ಲಿ ಹೆಸರು ಬರುವ ಚಕ್ರವರ್ತಿ ಔಗುಸ್ತನು ಜೂಲಿಯಸ್ ಸೀಸರನ ಮರಣಪತ್ರದ ಮೂಲಕ ಮಗನಾದವನು. ಪೌಲನು ರೋಮಿಗೆ ಪತ್ರ ಬರೆಯುವ ಹೊತ್ತಿಗೆ ಸಿಂಹಾಸನದಲ್ಲಿದ್ದ ನೀರೋ ಕೂಡ ದತ್ತುಮಗನೇ; ಕ್ಲಾಡಿಯಸ್ ಚಕ್ರವರ್ತಿಯು ಸ್ವಂತ ಮಗನಿದ್ದರೂ ಕ್ರಿ.ಶ. 50ರಲ್ಲಿ ಅವನನ್ನು ದತ್ತು ಪಡೆದಿದ್ದ.

ಅರಮನೆಗಳಲ್ಲಿ ನಡೆಯುತ್ತಿದ್ದ ಈ ವ್ಯವಹಾರವನ್ನು ಪೌಲನು ಗುಲಾಮರೂ ಕೂಲಿಕಾರರೂ ಸ್ತ್ರೀಯರೂ ಸೇರಿದ್ದ ಸಣ್ಣ ಸಣ್ಣ ಸಭೆಗಳಿಗೆ ಅನ್ವಯಿಸಿದ. ದಾಸನಿಗೆ ಮನೆಯಲ್ಲಿ ಕೆಲಸವಿದೆ, ಪಾಲಿಲ್ಲ, ಮಗನಿಗೆ ಪಾಲಿದೆ. ನೀವು ಇನ್ನು ದಾಸರಲ್ಲ, ಮಕ್ಕಳು; ಮಕ್ಕಳಾದ ಮೇಲೆ ಬಾಧ್ಯರು ಎಂಬುದು ಅವನ ವಾದದ ಸಾರ. ಈ ಮನೆಯಲ್ಲಿ ಯೆಹೂದ್ಯ, ಗ್ರೀಕ ಎಂಬ ಭೇದವಾಗಲಿ, ಗಂಡು, ಹೆಣ್ಣು ಎಂಬ ಭೇದವಾಗಲಿ ಪಾಲನ್ನು ಕಡಿಮೆ ಮಾಡುವುದಿಲ್ಲವೆಂದೂ ಅವನು ಸೇರಿಸಿದ.

ಕನ್ನಡ ಸತ್ಯವೇದದ ಅನುವಾದಕರು ಈ ವಿಚಾರಕ್ಕೆ ಆರಿಸಿಕೊಂಡ ಮಾತುಗಳು ಗಮನಾರ್ಹ. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರಿಂದ ಮೊದಲ್ಗೊಂಡು ಹಲವು ತಲೆಮಾರುಗಳ ಕೈ ಈ ಅನುವಾದದ ಮೇಲೆ ಆಡಿದೆ. ಹಕ್ಕುದಾರನಿಗೆ ‘ಬಾಧ್ಯ’ ಎಂಬ ಕಾಗದಪತ್ರಗಳ ಮಾತು ಬಂತು. ಮುಂದೆ ದೊರೆಯಬೇಕಾದ ಪಾಲಿಗೆ ಪವಿತ್ರಾತ್ಮನು ಈಗಲೇ ಕೊಟ್ಟ ಗುರುತು ಎನ್ನಲು ‘ಸಂಚಕಾರ’ ಎಂಬ ಮಾತು ಬಂತು. ಎತ್ತು ಕೊಳ್ಳುವಾಗ, ಹೊಲ ಹಿಡಿಯುವಾಗ ವ್ಯವಹಾರ ಮುರಿಯದಿರಲೆಂದು ಮುಂಗಡ ಕೊಡುವ ಹಣವೇ ಸಂಚಕಾರ. ರೈತನಿಗೆ ಇದರ ಅರ್ಥವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಇನ್ನೊಂದು ಮಾತಂತೂ ಅನುವಾದವನ್ನೇ ಬೇಡಲಿಲ್ಲ. ದತ್ತು ಬಂದ ಮಕ್ಕಳು ದೇವರನ್ನು ಕರೆಯುವ ಅರಾಮಿಕ್ ಶಬ್ದ ‘ಅಬ್ಬಾ’. ಕನ್ನಡದಲ್ಲಿ ಅದು ‘ಅಪ್ಪಾ’ ಎಂದಾಯಿತು.

ಕಿತ್ತೂರು, ಕೊಲ್ಹಾಪುರ

ದತ್ತು ಎಂಬುದು ಎಷ್ಟು ಗಂಭೀರವಾದ ಸಂಗತಿಯೆಂಬುದನ್ನು ಈ ಗಡಿನಾಡಿನ ಚರಿತ್ರೆಯೇ ಎರಡು ಬಗೆಯಲ್ಲಿ ತೋರಿಸಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರಕಾರ ವಾರಸುದಾರನೆಂದು ಒಪ್ಪಲಿಲ್ಲ. ಆ ನಿರಾಕರಣೆಯಿಂದಲೇ ರಾಣಿ ಚನ್ನಮ್ಮನ ಯುದ್ಧ ಹುಟ್ಟಿತು. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಅರುವತ್ತು ವರ್ಷಗಳ ಮೇಲೆ, 1884ರ ಮಾರ್ಚ್ 17ರಂದು, ಕಾಗಲದ ಘಾಟಗೆ ಮನೆತನದ ಯಶವಂತರಾವ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಕೊಲ್ಹಾಪುರದ ರಾಣಿ ಆನಂದಿಬಾಯಿ ದತ್ತು ಪಡೆದಳು. ಆ ದತ್ತು ಊರ್ಜಿತವಾಯಿತು. ಆ ಹುಡುಗನೇ ಶಾಹು ಮಹಾರಾಜ.

ಶಾಹು ಮಹಾರಾಜರು ತಮಗೆ ಬಂದ ರಾಜ್ಯವನ್ನು ಮನೆಯ ಸೊತ್ತೆಂದು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. 1902ರಲ್ಲಿ ಹಿಂದುಳಿದ ಜಾತಿಗಳವರಿಗೆ ಸಂಸ್ಥಾನದ ನೌಕರಿಯಲ್ಲಿ ಅರ್ಧದಷ್ಟು ಸ್ಥಾನಗಳನ್ನು ಕಾದಿರಿಸಿದರು. ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಹುಡುಗರಿಗೆಂದು ಅವರ ಕಾಲದಲ್ಲಿ ಕೊಲ್ಹಾಪುರದಲ್ಲಿ ಎದ್ದ ವಿದ್ಯಾರ್ಥಿನಿಲಯಗಳ ಸಾಲಿನಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ನಿಲಯವೂ ಇತ್ತು. ಕೊಟ್ಟದ್ದರಿಂದ ಬಂದ ಪಾಲನ್ನು ಕೊಡುವುದಕ್ಕಾಗಿಯೇ ಹಿಡಿದಿರುವುದು ದತ್ತುಮಗನಿಗೆ ಒಪ್ಪುವ ನಡತೆ. ಕ್ರೈಸ್ತ ಬೋಧನೆಯೂ ದೇವರ ಮಕ್ಕಳಿಂದ ಇದನ್ನೇ ಅಪೇಕ್ಷಿಸುತ್ತದೆ.

ಮನೆ ಬಿಟ್ಟವರು

ಆದರೆ ಹತ್ತೊಂಬತ್ತನೆಯ ಶತಮಾನದ ಕನ್ನಡನಾಡಿನಲ್ಲಿ ದೇವರ ಬಾಧ್ಯರಾಗಲು ಹೊರಟವರು ಮೊದಲು ಕಂಡದ್ದು ತಂದೆಯ ಮನೆಯ ಬಾಗಿಲು ಮುಚ್ಚಿದುದನ್ನು. ಜಾತಿ ಬಿಟ್ಟವನಿಗೆ ಪಾಲಿಲ್ಲವೆಂಬುದು ಅಂದಿನ ರೂಢಿ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ, ಹತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಕದಡಿತು. ಎಳೆಯ ಹೆಂಡತಿ ಅವನೊಡನೆ ಬರಲಿಲ್ಲ. ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಬೋಧಕನಾಗಿ ಮರಳಿದ ಕೌಂಡಿನ್ಯನು ‘ಹರ್ಮನ್’ ಎಂಬ ಹೊಸ ಹೆಸರಿನ ಪಕ್ಕದಲ್ಲಿಯೇ ಹಳೆಯ ಹೆಸರನ್ನೂ ಮನೆತನದ ಹೆಸರನ್ನೂ ಉಳಿಸಿಕೊಂಡ.

ಓದಿದವನಿಗೆ ಬೋಧಕನ ಕೆಲಸವಾದರೂ ಸಿಕ್ಕಿತು. ಸಾಮಾನ್ಯ ಜನರಿಗೆ ಮತಾಂತರವೆಂದರೆ ಮನೆಯೂ ಹೋಯಿತು, ಕಸುಬೂ ಹೋಯಿತು ಎಂದರ್ಥ. ಅಂಥವರ ಹೊಟ್ಟೆಪಾಡಿಗಾಗಿಯೇ ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಬೆಳೆದವರಿಗೆ ಕಸುಬಿಲ್ಲದ ಮನೆಗೆ ಒಂದು ಮಗ್ಗ ಏನು ಕೊಡಬಲ್ಲದೆಂಬುದು ತಿಳಿದದ್ದೇ. ದೇವರ ಮನೆಯ ಪಾಲು ಪರಲೋಕದಲ್ಲಿದೆಯೆಂದು ಹೇಳಿ ಕೈತೊಳೆದುಕೊಳ್ಳಲು ಆಗಲಿಲ್ಲ. ಸಹೋದರರೆಂದ ಮೇಲೆ ಅನ್ನದ ಏರ್ಪಾಡೂ ಆಗಬೇಕಾಗಿತ್ತು.

1850ರಲ್ಲಿ ಕಂಪನಿ ಸರಕಾರ ಮಾಡಿದ 21ನೆಯ ಕಾಯಿದೆಯು ಧರ್ಮ ಬಿಟ್ಟ ಅಥವಾ ಜಾತಿಯಿಂದ ಹೊರಗಾದ ಕಾರಣಕ್ಕೆ ಯಾರ ವಾರಸಾ ಹಕ್ಕೂ ನಷ್ಟವಾಗಕೂಡದೆಂದು ವಿಧಿಸಿತು. ಇದಕ್ಕೆ ಬಂಗಾಲದಿಂದಲೂ ಮದರಾಸಿನಿಂದಲೂ ಬಲವಾದ ವಿರೋಧ ಬಂತು. ಪಿತೃಕಾರ್ಯ ಮಾಡದವನಿಗೆ ಪಿತ್ರಾರ್ಜಿತವೇಕೆ ಎಂಬುದು ವಿರೋಧಿಗಳ ಪ್ರಶ್ನೆ. ಅವರ ದೃಷ್ಟಿಯಿಂದ ಅದು ಹುರುಳಿಲ್ಲದ ಪ್ರಶ್ನೆಯೇನಲ್ಲ. ಪಾಲು ಮತ್ತು ಕರ್ತವ್ಯ ಒಂದೇ ಹಗ್ಗದ ಎರಡು ಎಳೆಗಳೆಂಬ ತಿಳಿವಳಿಕೆ ಅದರಲ್ಲಿದೆ.

ಬಳ್ಳಾರಿಯ ಅಬ್ರಹಾಮರ ವ್ಯಾಜ್ಯ

ಕ್ರೈಸ್ತರ ವಾರಸಾ ಕುರಿತ ಅತ್ಯಂತ ಪ್ರಸಿದ್ಧ ವ್ಯಾಜ್ಯ ಹುಟ್ಟಿದ್ದು ಬಳ್ಳಾರಿಯಲ್ಲಿ. ಮ್ಯಾಥ್ಯೂ ಅಬ್ರಹಾಮ್ ತಮಿಳು ಮೂಲದ, ಅಸ್ಪೃಶ್ಯರೆನಿಸಿಕೊಂಡ ಜಾತಿಯಿಂದ ಹಿಂದೆಯೇ ಕ್ರೈಸ್ತರಾಗಿದ್ದ ಮನೆತನದವನು. ದಂಡಿನ ಊರಾದ ಬಳ್ಳಾರಿಯಲ್ಲಿ ಅಂಗಡಿ, ಸಾರಾಯಿ ಭಟ್ಟಿಗಳಿಂದ ದೊಡ್ಡ ಸಿರಿವಂತನಾದ. ಮಿಶ್ರವಂಶದ ಷಾರ್ಲಟ್ ಫಾಕ್ಸಳನ್ನು ಮದುವೆಯಾದ. 1842ರಲ್ಲಿ ಮರಣಪತ್ರ ಬರೆಯದೆ ತೀರಿಕೊಂಡ. ವ್ಯಾಪಾರವನ್ನು ತಮ್ಮನಾದ ಫ್ರಾನ್ಸಿಸ್ ನಡೆಸಿದ. ಮುಂದೆ ಮನಸ್ತಾಪ ಬೆಳೆದು 1854ರಲ್ಲಿ ವಿಧವೆಯೂ ಮಕ್ಕಳೂ ಬಳ್ಳಾರಿಯ ನ್ಯಾಯಾಲಯಕ್ಕೆ ಹೋದರು.

ಫ್ರಾನ್ಸಿಸನ ವಾದ: ನಮ್ಮ ಪೂರ್ವಜರು ಹಿಂದೂಗಳು, ನಮ್ಮದು ಅವಿಭಕ್ತ ಕುಟುಂಬ, ಅಣ್ಣತಮ್ಮಂದಿರಿಗೆ ಸಮಪಾಲು. ಷಾರ್ಲಟಳ ವಾದ: ನನ್ನ ಗಂಡನ ಉಡಿಗೆತೊಡಿಗೆ, ನಡೆನುಡಿ ಎಲ್ಲವೂ ಬೇರೆಯಾಗಿದ್ದವು, ಈ ಮನೆಗೆ ಹಿಂದೂ ಕಾನೂನು ಸಲ್ಲದು. ವ್ಯಾಜ್ಯ ಮದರಾಸನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲನ್ನು ಮುಟ್ಟಿತು. 1863ರಲ್ಲಿ ತೀರ್ಪು ಬಂತು: ಕ್ರೈಸ್ತನಾದವನ ಮೇಲೆ ಹಿಂದೂ ಕಾನೂನಿನ ಕಟ್ಟು ಕಡ್ಡಾಯವಾಗಿ ಉಳಿಯುವುದಿಲ್ಲ, ಅವನು ಹಳೆಯ ಕಾನೂನನ್ನು ಬಿಡಬಹುದು, ಇಟ್ಟುಕೊಳ್ಳಲೂಬಹುದು, ಯಾವುದನ್ನು ಮಾಡಿದನೆಂಬುದನ್ನು ಅವನ ಬಾಳುವೆಯೇ ಹೇಳಬೇಕು. ಮ್ಯಾಥ್ಯೂನ ಆಸ್ತಿ ಅವಿಭಕ್ತ ಕುಟುಂಬದ್ದಲ್ಲವೆಂದು ನಿರ್ಣಯವಾಯಿತು. ಎರಡು ವರ್ಷಗಳ ಮೇಲೆ, 1865ರಲ್ಲಿ, ಭಾರತೀಯ ಉತ್ತರಾಧಿಕಾರ ಕಾಯಿದೆ ಬಂತು.

ಈ ಕಥೆಯಲ್ಲಿ ಕಾನೂನಿಗಿಂತ ಮಿಗಿಲಾದ ಪಾಠವೊಂದಿದೆ. ಎರಡೂ ಪಕ್ಷದವರು ಕ್ರೈಸ್ತರು. ಇಬ್ಬರೂ ಒಬ್ಬ ತಂದೆಯನ್ನೇ ಪ್ರಾರ್ಥಿಸುವವರು. ಒಂಬತ್ತು ವರ್ಷ ಅವರು ನಿಂತದ್ದು ಭಟ್ಟಿಯ ಲಾಭದ ಲೆಕ್ಕದ ಮುಂದೆ. ಪಾಲು ಮಾಡಿಕೊಡೆಂದು ಒಬ್ಬನು ಕೇಳಿದಾಗ, ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ನೇಮಿಸಿದವರಾರೆಂದು ಯೇಸು ಮರುಪ್ರಶ್ನೆ ಹಾಕಿದ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಅದೇ ಸುವಾರ್ತೆಯ ಇಬ್ಬರು ಮಕ್ಕಳ ಸಾಮ್ಯದಲ್ಲಿ ಕಿರಿಯನು ಪಾಲನ್ನು ಮುಂಚೆಯೇ ಪಡೆದು ಹಾಳುಮಾಡಿ, ಆಳಾಗಿಯಾದರೂ ಇರುವೆನೆಂದು ಮರಳುತ್ತಾನೆ; ತಂದೆ ಅವನನ್ನು ಮಗನಾಗಿಯೇ ಬರಮಾಡಿಕೊಳ್ಳುತ್ತಾನೆ. ಮನೆಯಲ್ಲಿಯೇ ಇದ್ದ ಹಿರಿಯನು ತನ್ನ ದುಡಿಮೆಯನ್ನು ದಾಸನಂತೆ ಲೆಕ್ಕವಿಟ್ಟು ಅಂಗಳದಲ್ಲಿ ಮುನಿಸಿಕೊಂಡು ನಿಲ್ಲುತ್ತಾನೆ. ತಂದೆಯದೆಲ್ಲವೂ ತನ್ನದೆಂಬುದು ಅವನಿಗೆ ತಿಳಿದಿರಲಿಲ್ಲ. ದೇವರ ಮಕ್ಕಳೆನಿಸಿಕೊಂಡವರಿಗೆ ಈ ಎರಡನೆಯ ಮಗನ ಅಪಾಯವೇ ಹೆಚ್ಚು.

ಇಂದಿನ ಲೆಕ್ಕ

ಇಂದು ಭಾರತದ ಬಹುಪಾಲು ಕ್ರೈಸ್ತರ ವಾರಸಾ 1925ರ ಉತ್ತರಾಧಿಕಾರ ಕಾಯಿದೆಯಂತೆ ನಡೆಯುತ್ತದೆ. ಮರಣಪತ್ರವಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡು, ಹೆಣ್ಣೆಂಬ ಭೇದವಿಲ್ಲ. ಗಂಡುಸಂತಾನವಿಲ್ಲದೆ ತೀರಿಕೊಂಡವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿ ಪಡೆದ ಪ್ರಸಂಗ ಹಳೆಯ ಒಡಂಬಡಿಕೆಯಲ್ಲಿಯೇ ಇದೆ.

ಸೋಜಿಗದ ಸಂಗತಿಯೆಂದರೆ, ದತ್ತುಮಕ್ಕಳೆಂದು ತಮ್ಮನ್ನು ಕರೆದುಕೊಳ್ಳುವ ಈ ಸಮುದಾಯಕ್ಕೆ ದತ್ತುಸ್ವೀಕಾರದ ಸ್ವಂತ ಕಾನೂನೇ ಇಲ್ಲ. 1956ರ ದತ್ತಕ ಕಾಯಿದೆ ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುತ್ತದೆ. ಕ್ರೈಸ್ತ ದಂಪತಿಗಳು ಬಹುಕಾಲ 1890ರ ಕಾಯಿದೆಯಂತೆ ಮಗುವಿಗೆ ಪಾಲಕರಷ್ಟೇ ಆಗಬಹುದಾಗಿತ್ತು. ಅಂಥ ಮಗುವಿಗೆ ಮಗನ ಸ್ಥಾನವಾಗಲಿ ವಾರಸಾ ಆಗಲಿ ತಾನಾಗಿ ಬರುತ್ತಿರಲಿಲ್ಲ. ಬಾಲನ್ಯಾಯ ಕಾಯಿದೆಗೆ 2006ರಲ್ಲಿ ಬಂದ ತಿದ್ದುಪಡಿಯೂ ಸುಪ್ರೀಂ ಕೋರ್ಟಿನ 2014ರ ತೀರ್ಪೂ ಯಾವ ಧರ್ಮದವರಾದರೂ ಆ ಕಾಯಿದೆಯಡಿ ದತ್ತು ಪಡೆಯಬಹುದೆಂಬುದನ್ನು ಸ್ಪಷ್ಟಪಡಿಸಿದವು.

ಗುರುತಿನ ಪ್ರಶ್ನೆಯೂ ಮುಗಿದಿಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಸರಕಾರದ ಕಾಗದದಲ್ಲಿ ಜಾತಿ ಅಳಿದರೂ ಊರಿನ ಮನಸ್ಸಿನಲ್ಲಿ ಅದು ಅಳಿಯುವುದು ವಿರಳ. ಚರ್ಚಿನ ಒಳಗೂ ಮದುವೆಯ ಮಾತು ಬಂದಾಗ ಹಳೆಯ ಗೆರೆಗಳು ಎಷ್ಟೋ ಕಡೆ ಮೇಲೇಳುತ್ತವೆ. ಒಬ್ಬ ತಂದೆಯ ದತ್ತುಮಕ್ಕಳಲ್ಲಿ ಮೇಲುಕೀಳು ಉಳಿದರೆ ಪೌಲನ ಮಾತಿಗೆ ಅರ್ಥವಿಲ್ಲ. ಹುಟ್ಟಿನಿಂದ ಬಂದ ಹಿರಿಮೆಯನ್ನು ಮುಂದೆ ಮಾಡುವವನು ತಾನು ದತ್ತು ಬಂದವನೆಂಬುದನ್ನೇ ಮರೆತಂತೆ.

ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಜೈನ, ಲಿಂಗಾಯತ, ಮರಾಠ, ಮುಸಲ್ಮಾನ, ಕ್ರೈಸ್ತ ಮಕ್ಕಳು ಕೂಡಿ ಕೂರುವುದುಂಟು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರು, ಧರ್ಮ, ಜಾತಿ, ಮಾತೃಭಾಷೆ ಎಂದು ಅಂಕಣಗಳಿರುತ್ತವೆ. ಅಲ್ಲಿ ಬರೆದದ್ದೆಲ್ಲ ಮಗು ಕೇಳದೆ ಪಡೆದದ್ದು. ಅದರಲ್ಲಿ ಹೆಮ್ಮೆಪಡುವುದಕ್ಕಿಂತ ಜೋಪಾನ ಮಾಡಿ ಮುಂದಿನವರಿಗೆ ಕೊಡುವುದೇ ಹೆಚ್ಚಿನ ಕೆಲಸ. ಕ್ರೈಸ್ತ ತಂದೆತಾಯಿಗಳು ತಮ್ಮ ಮಗುವಿಗೆ ನೀನು ದೇವರ ಮಗು ಎಂದು ಹೇಳಿಕೊಡುವಾಗ, ಪಕ್ಕದ ಮಗುವೂ ಅದೇ ತಂದೆಗೆ ಬೇಕಾದದ್ದೆಂಬುದನ್ನು ಸೇರಿಸಿ ಹೇಳಿದರೆ ಆ ಬೋಧನೆ ಪೂರ್ತಿಯಾಗುತ್ತದೆ. ಹೊಲದ ಪಾಲು ಹಂಚಿದಷ್ಟೂ ಕಿರಿದಾಗುತ್ತದೆ. ದೇವರ ಮನೆಯ ಪಾಲು ಹಾಗಲ್ಲ. ಮತ್ತೊಬ್ಬ ಬಾಧ್ಯ ಬಂದನೆಂದು ಅಲ್ಲಿ ಯಾರ ಪಾಲೂ ಕಡಿಮೆಯಾಗುವುದಿಲ್ಲ.